ಪೇಂಟರ್ ಕೋಲು, ಅಕ್ಕಿ ಚೀಲ, ನನ್ನ ಡೇರೆ

ಹೋದ ಏಪ್ರಿಲ್‌ನಲ್ಲಿ ಒಂದು ಭಾನುವಾರ, ಮಧ್ಯಾಹ್ನ ಮೂರೂವರೆ ಇರಬಹುದು, ಹೇಮಾವತಿ ಹಿನ್ನೀರಿನ ಮೇಲೆ ಗಾಳಿ ಎದ್ದಿತು. ದಡದಲ್ಲಿ ಮೀನಿಗೆ ಗಾಳ ಹಾಕುವ ನಮ್ಮ ಗುಂಪಿನವರು ನೆರಳಿಗೆ ಕಟ್ಟಿಕೊಂಡ ನಾಲ್ಕು ಡೇರೆ ನಿಂತಿದ್ದವು. ಹತ್ತು ನಿಮಿಷಕ್ಕೆ ಒಂದೇ ಉಳಿಯಿತು. ಅದು ನನ್ನದು. ಎರಡು ವರ್ಷದಿಂದ ಅದನ್ನು "ಗಣಪತಿ ಪೆಂಡಾಲು" ಅಂತ ಆಡಿಕೊಂಡು ನಗುತ್ತಿದ್ದವರೇ ಅವತ್ತು ಅದರ ಕೆಳಗೆ ನುಗ್ಗಿ ಕೂತರು.

ಶೆಟ್ಟಿಹಳ್ಳಿ ಕಡೆ ಗಾಳ ಹಾಕಿದವರಿಗೆ ಈ ಕಷ್ಟ ಗೊತ್ತು. ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಮರಗಳು ಮೇಲೇ ಉಳಿಯುತ್ತವೆ. ಮುಳುಗಿದ್ದ ಹಳೇ ಚರ್ಚು ಪೂರ್ತಿ ಹೊರಗೆ ಕಾಣುವ ಹೊತ್ತಿಗೆ ನೀರಿಗೂ ನೆರಳಿಗೂ ಎಷ್ಟೋ ದೂರ. ನಡುವೆ ಇರುವುದು ಬಿರುಕು ಬಿಟ್ಟ ಬೋಳು ಮಣ್ಣು ಮಾತ್ರ. ಗೆಂಡೆ ಮೀನಿಗೆ ಕಾಯುವುದು ಅಂದರೆ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ. ಟೋಪಿಯಲ್ಲಿ ಮುಗಿಯುವ ಕೆಲಸವಲ್ಲ.

ಮೊದಲು ತಂದಿದ್ದು ಹಣ್ಣಿನ ಗಾಡಿಯವರು ಇಡುವಂಥ ದೊಡ್ಡ ಕೊಡೆ. ಸಾವಿರದ ನಾನೂರೋ ಏನೋ ಕೊಟ್ಟೆ. ಮೂರನೇ ವಾರ ಅದು ಬುಡ ಕಿತ್ತುಕೊಂಡು ಉರುಳಿ ಉರುಳಿ ನೀರಿಗೆ ಬಿತ್ತು. ನಾನು ಈಜಲಿಲ್ಲ, ಹೋಗಲಿ ಅಂತ ಬಿಟ್ಟೆ.

ಆಮೇಲೆ ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟು, ಎರಡು ಸಾವಿರದ ಮುನ್ನೂರು. ಬಿಚ್ಚಿಕೊಳ್ಳುವುದೇನೋ ಎರಡು ಸೆಕೆಂಡು. ಮಡಚುವುದಕ್ಕೆ ಅರ್ಧ ಗಂಟೆ ಬೇಕು. ಕತ್ತಲಾಗುತ್ತಾ ಬಂದಿತ್ತು, ವಿಡಿಯೋ ನೋಡೋಣ ಅಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಗೆಳೆಯ ಅದರ ಮೇಲೆ ಕೂತ, ನಾನು ಹಗ್ಗ ಸುತ್ತಿದೆ. ಅರ್ಧ ಬಿಚ್ಚಿಕೊಂಡ ಆಮೆಯ ಹಾಗೆ ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹಾಸನದವರೆಗೆ ಬಂದೆವು. ಒಳಗೆ ಸೆಕೆಯೂ ಅಷ್ಟೇ. ಅದಕ್ಕಿಂತ ದೊಡ್ಡ ತಪ್ಪು, ಒಳಗೆ ಕೂತರೆ ಗಾಳದ ರಾಡಿನ ತುದಿ ಕಾಣುವುದಿಲ್ಲ. ಮೀನು ಎಳೆದದ್ದು ಕಾಣದ ಮೇಲೆ ಮನೆಯಲ್ಲೇ ಮಲಗಬಹುದಿತ್ತು ಅಲ್ವಾ?

ಮೂರನೆಯದು ನಾಲ್ಕು ಕಾಲಿನ ಮಡಚುವ ಚಪ್ಪರ, ಹತ್ತಡಿಗೆ ಹತ್ತಡಿ. ನಾಲ್ಕೂವರೆ ಸಾವಿರ. ನೆರಳು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಹದಿನೈದು ಕೆಜಿ ತೂಕ, ಕಾರು ಬೇಕು, ಎತ್ತಲು ಇಬ್ಬರು ಬೇಕು. ಎರಡನೇ ಬೇಸಿಗೆಯಲ್ಲಿ ಗಾಳಿಗೆ ಅದರ ಕತ್ತರಿ ಕೀಲು ಮುರಿಯಿತು. ಬಿಡಿ ಭಾಗ ಕೇಳಿದರೆ ಹೊಸದೇ ತಗೊಳ್ಳಿ ಅಂದರು. ಈಗ ಅದು ಮನೆಯ ಮಹಡಿ ಮೇಲೆ ಹಪ್ಪಳ ಒಣಗಿಸುವಾಗ ಮಾತ್ರ ಅರ್ಧಂಬರ್ಧ ನಿಲ್ಲುತ್ತದೆ. "ರೀ, ಮೀನಿನ ಲೆಕ್ಕದಲ್ಲಿ ತಂದಿದ್ರಲ್ಲಿ ಇದೊಂದೇ ಮನೆಗೆ ಬಂದಿದ್ದು" ಅಂತ ನನ್ನಾಕೆ ಈಗಲೂ ಚುಚ್ಚುತ್ತಾಳೆ.

ಆ ಬೇಸಿಗೆ ಮನೆಗೆ ಬಣ್ಣ ಹೊಡೆಸುತ್ತಿದ್ದೆವು. ಪೇಂಟರು ರೋಲರ್ ಸಿಕ್ಕಿಸುವ ಉದ್ದ ಕೋಲನ್ನು ತಿರುಗಿಸಿ ಎಳೆದು ಉದ್ದ ಮಾಡುತ್ತಿದ್ದರು, ಮತ್ತೆ ತಿರುಗಿಸಿ ಗಿಡ್ಡ ಮಾಡುತ್ತಿದ್ದರು. ನೋಡುತ್ತಾ ನಿಂತವನಿಗೆ ತಲೆಗೆ ಹೊಳೆಯಿತು. ಆಗಿನಿಂದ ಇಲ್ಲಿವರೆಗೆ ಅದೇ ಕೋಲು.

ನನ್ನ ಡೇರೆಗೆ ಈ ಕೋಲು ಎರಡು, ಸುಮಾರು ಆರುನೂರು ರೂಪಾಯಿಗೆ ಒಂದು. 9x12 ಅಡಿಯ, ಒಂದು ಬದಿ ಬೆಳ್ಳಿ ಬಣ್ಣದ ಟಾರ್ಪಾಲು, ಒಂದೂವರೆ ಕೆಜಿ ಆಸುಪಾಸು. ಹಗ್ಗ, ಹಳೇ ಸೈಕಲ್ ಟ್ಯೂಬು, ಐದು ಖಾಲಿ ಅಕ್ಕಿ ಚೀಲ. ಎಲ್ಲಾ ಸೇರಿ ಎರಡು ಸಾವಿರ ಚಿಲ್ಲರೆ. ಹಿಂದಿನ ಅಂಚು ನೆಲಕ್ಕೆ, ಮುಂದಿನ ಅಂಚು ಕೋಲಿನ ಮೇಲೆ. ಬೆನ್ನು ಪಡುವಣಕ್ಕೆ, ಮುಖ ನೀರಿಗೆ. ಅದಕ್ಕೇ ನೀರು ಮೂಡಲ ಕಡೆ ಇರುವ ದಡವನ್ನೇ ಹುಡುಕುತ್ತೇನೆ. ಬೆಳಗಿನ ಎಳೆ ಬಿಸಿಲು ಒಳಗೆ ಬೀಳುತ್ತದೆ, ಬೀಳಲಿ. ಮಧ್ಯಾಹ್ನದ ಮೇಲಿನ ಬಿಸಿಲು ಬೆನ್ನಿಗೆ ಬಡಿಯುತ್ತದೆ.

ನಿಲ್ಲಿಸಿದೆ, ನಿಲ್ಲಲಿಲ್ಲ. ಮೊದಲ ಸಲ ಕಬ್ಬಿಣದ ಗೂಟ ಹೊಡೆದೆ, ಒಂದೂವರೆ ಅಡಿಯವು. ಮೇಲಿನ ಗರಸಿನಲ್ಲಿ ಗಟ್ಟಿಯಾಗಿದ್ದ ಗೂಟ ನೀರಂಚಿನ ಮೆಕ್ಕಲು ಮಣ್ಣಿನಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮೇಲೆ ಬಂತು. ಎರಡನೇ ಸಲ ಜಾಣತನ ಮಾಡಿ ಒಂದು ಹಗ್ಗವನ್ನು ಸ್ಕೂಟರಿಗೆ ಕಟ್ಟಿದೆ. ಟಾರ್ಪಾಲು ಸ್ಕೂಟರನ್ನೇ ಎಳೆದು ಬೀಳಿಸಿತು. ಕನ್ನಡಿ, ಇಂಡಿಕೇಟರ್ ಸೇರಿ ನಾನೂರೈವತ್ತು ದಂಡ.

ಅಲ್ಲಿಂದ ಅಕ್ಕಿ ಚೀಲಕ್ಕೆ ಬಂದೆ. 25 ಕೆಜಿ ಚೀಲಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಹಸಿ ಮಣ್ಣು ತುಂಬಿ, ಬಾಯಿ ಕಟ್ಟಿ, ಮೊಳಕಾಲುದ್ದದ ಗುಂಡಿಯಲ್ಲಿ ಹೂಳುವುದು. ಮುಂದಿನ ಎರಡು ಹಗ್ಗಕ್ಕೆ ಎರಡು ಚೀಲ. ಹಿಂದಿನ ಅಂಚನ್ನು ಮೂರು ಚೀಲದ ಮೇಲೆ ಸುತ್ತಿ ಮಣ್ಣು ಎಳೆದುಬಿಡುತ್ತೇನೆ. ಹೋಗುವಾಗ ಚೀಲ ಖಾಲಿ, ಬರುವಾಗಲೂ ಖಾಲಿ. ಏಳೇ ನಿಮಿಷದಲ್ಲಿ ಕಟ್ಟುತ್ತೇನೆ ಅಂತ ಗೆಳೆಯರ ಹತ್ತಿರ ಹೇಳಿಕೊಳ್ಳುತ್ತೇನೆ. ಚೀಲ ತುಂಬುವುದನ್ನೂ ಸೇರಿಸಿದರೆ ಹದಿನೈದು. ಬಿಚ್ಚುವುದು ಮಾತ್ರ ನಿಜವಾಗಿ ಮೂರು ನಿಮಿಷ.

ಹಗ್ಗಕ್ಕೂ ಟಾರ್ಪಾಲಿಗೂ ನಡುವೆ ಒಂದು ಗೇಣು ಸೈಕಲ್ ಟ್ಯೂಬು ಹಾಕಿ. ಅದಿಲ್ಲದಿದ್ದಾಗ ಗಾಳಿಯ ಒಂದೊಂದು ಹೊಡೆತಕ್ಕೂ ಟಾರ್ಪಾಲಿನ ಕಣ್ಣು, ಅಂದರೆ ಹಗ್ಗ ಕಟ್ಟುವ ತೂತು, ಹರಿಯುತ್ತಿತ್ತು. ಟ್ಯೂಬು ಹಿಗ್ಗಿ ಕುಗ್ಗಿ ಹೊಡೆತವನ್ನು ತಾನು ತಿನ್ನುತ್ತದೆ. ಮೂಲೆಯ ಕಣ್ಣುಗಳನ್ನು ನಾನು ಬೇರೆ ಥರ ಕಟ್ಟುತ್ತೇನೆ. ಅದನ್ನು ಇಲ್ಲಿ ಹೇಳಲ್ಲ, ದಡಕ್ಕೆ ಬಂದವರಿಗೆ ತೋರಿಸುತ್ತೇನೆ.

ಪೇಂಟರ್ ಕೋಲೇ ಯಾಕೆ ಅಂತ ಕೇಳುತ್ತಾರೆ, ಬಿದಿರು ಸಾಲದಾ ಅಂತ. ಮುಂಗಾರಿಗೆ ಮುಂಚಿನ ಗಾಳಿಗೆ ದಿಕ್ಕೇ ಇಲ್ಲ. ಹಿಂದಿನಿಂದ ಬಂದರೆ ಡೇರೆ ತಗ್ಗುತ್ತದೆ. ಮುಂದಿನಿಂದ ನುಗ್ಗಿದರೆ ಹೊಟ್ಟೆ ಉಬ್ಬಿಸಿಕೊಂಡು ಹಾರಲು ನೋಡುತ್ತದೆ. ಆಗ ಕೋಲಿನ ಬಿಗಿ ಸಡಿಲಿಸಿ ಆರಡಿಯಿಂದ ಮೂರೂವರೆಗೆ ಇಳಿಸಿ, ಜೋತುಬಿದ್ದ ಹಗ್ಗ ಎಳೆದು ಬಿಗಿದರೆ ಗಾಳಿ ಮೇಲೇ ಜಾರಿ ಹೋಗುತ್ತದೆ. ಏಪ್ರಿಲ್‌ನಲ್ಲಿ ನಾನು ಮಾಡಿದ್ದು ಇಷ್ಟೇ. ಬಿದಿರಿನಲ್ಲಿ ಇದು ಆಗುತ್ತಾ? ಮರಳು ಹೊಕ್ಕರೆ ಕೋಲಿನ ಬಿಗಿ ಜಾರುತ್ತದೆ ಅನ್ನುವುದು ನಿಜ, ಮನೆಗೆ ಬಂದ ತಕ್ಷಣ ತೊಳೆಯಬೇಕು.

ಅವತ್ತು ಸ್ವಲ್ಪ ಹೊತ್ತಿಗೆ ಗುಡುಗೂ ಕೇಳಿಸಿತು. ಗುಡುಗಿದರೆ ನನ್ನ ಡೇರೆಯೂ ಇಲ್ಲ, ಯಾರ ಡೇರೆಯೂ ಇಲ್ಲ. ಬಯಲಿನಲ್ಲಿ ಲೋಹದ ಕೋಲು, ಕಾರ್ಬನ್ ರಾಡು. ಎಲ್ಲಾ ಮಲಗಿಸಿ ಓಡಿಹೋಗಿ ಕಾರಿನಲ್ಲಿ ಕೂತೆವು.

ಸುಮ್ನೆ ಕೂತಾಗ ಮಾಡಿದ ಇನ್ನೊಂದು ಪ್ರಯೋಗ. ಮೊದಲು ಇದ್ದದ್ದು ನೀಲಿ ಟಾರ್ಪಾಲು, ಕೆಳಗೆ ಕೂತರೆ ಬೇಯುತ್ತಿತ್ತು. ಕೋಳಿ ಫಾರಂ ಇಟ್ಟಿರುವ ಗೆಳೆಯನಿಂದ ಥರ್ಮಾಮೀಟರ್ ತಂದು ನೋಡಿದೆ, ಮಧ್ಯಾಹ್ನ ಎರಡಕ್ಕೆ 38ರ ಹತ್ತಿರ. ಬೆಳ್ಳಿ ಬದಿ ಮೇಲೆ ಮಾಡಿ, ಒಂದು ಗೇಣು ಕೆಳಗೆ ನರ್ಸರಿಯವರ ಹಸಿರು ಶೇಡ್ ನೆಟ್ ಕಟ್ಟಿದ ಮೇಲೆ 35ಕ್ಕೆ ಬಂತು. ಎರಡೂ ಒಂದೇ ದಿನ ಅಳೆದದ್ದಲ್ಲ, ಆದರೂ ವ್ಯತ್ಯಾಸ ಮೈಗೆ ಗೊತ್ತಾಗುತ್ತದೆ. ಒದ್ದೆ ಪಂಚೆ ನೇತುಹಾಕಿಯೂ ನೋಡಿದೆ. ಇಪ್ಪತ್ತು ನಿಮಿಷ ಸುಖ, ಆಮೇಲೆ ಬರೀ ಒಣ ಪಂಚೆ.

ನೀರಿಗೆ ತೀರ ಹತ್ತಿರ ಕಟ್ಟಬೇಡಿ. ಗಾಳಿಗೆ ಪಟಪಟ ಅನ್ನುವ ಡೇರೆ ದಡದಂಚಿನ ಮೀನನ್ನು ಹೆದರಿಸುತ್ತದೆ ಅಂತ ನನ್ನ ಅನುಮಾನ. ಹದಿನೈದು ಅಡಿ ಹಿಂದೆ ಸರಿದ ಮೇಲೆ ನನಗೆ ಎಳೆತ ಜಾಸ್ತಿ ಆಯಿತು. ಮೇ ತಿಂಗಳಲ್ಲಿ ಸಿಕ್ಕ ಆರು ಕೆಜಿಯ ಕಾಟ್ಲಾ ಅದರಿಂದ ಬಂತೋ, ಗಾಳಕ್ಕೆ ಹಾಕುವ ಹಿಂಡಿ ಉಂಡೆಗೆ ನಾನು ಸೇರಿಸಿದ ವಸ್ತುವಿನಿಂದ ಬಂತೋ. ಆ ವಸ್ತು ಯಾವುದು ಅಂತ ಕೇಳಬೇಡಿ.

ಪೆಂಡಾಲು ಅಂತ ಹೆಸರಿಟ್ಟ ಗೆಳೆಯ ಹೋದ ವಾರ ಫೋನ್ ಮಾಡಿದ್ದ. "ಲೋ, ಆ ಕೋಲು ಯಾವ ಅಂಗಡೀಲಿ ತಗೊಂಡೆ?" ಅಂದ. ಪೇಂಟ್ ಅಂಗಡಿ ಅಂದೆ. ನಂಬಲಿಲ್ಲ, ಮೀನಿನ ಸಾಮಾನಿನ ಅಂಗಡಿಗೆ ಹೋಗಿ ಹುಡುಕಿ ಬಂದಿದ್ದಾನೆ.