ಮಂಜಿನಲ್ಲಿ ಅರ್ಧ ಬಸ್ಸು ನಿಲ್ಲಿಸುವುದು ಹೇಗೆ?

ಕೊಟ್ಟಿಗೆಹಾರದ ಕಡೆಯವರು ಮಂಜನ್ನು ಬಾಡಿಗೆಗೆ ತರಬೇಕಿಲ್ಲ. ಆದರೂ ಕಿರುಚಿತ್ರಕ್ಕೆ ಪ್ರೇಮಿಗಳು ಬೀಳ್ಕೊಡುವ ದೃಶ್ಯ ತೆಗೆಯಲು ಹೋಗಿ ಮೊದಲ ದಿನವೇ ಮಣ್ಣು ಮುಕ್ಕಿದೆ. ಮೊಬೈಲ್ ಫ್ಲ್ಯಾಶ್ ಹಾಕಿದ್ದೇ ತಪ್ಪು. ಬಂದದ್ದು ಬರೀ ಬಿಳಿ ಗೋಡೆ.

ಆಮೇಲೆ ಹಾಲಿವುಡ್‌ನ ‘ಕಾಸಾಬ್ಲಾಂಕಾ’ ಚಿತ್ರದ ಕೊನೆಯ ದೃಶ್ಯ ಹಾಕಿಕೊಂಡು ಕೂತೆ. ಅಲ್ಲೂ ಪ್ರೇಮಿಗಳು ಮಂಜು ಕವಿದ ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುತ್ತಾರೆ. ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ, 1942ರಲ್ಲಿ ವಾರ್ನರ್ ಬ್ರದರ್ಸ್ ತೆಗೆದ ಚಿತ್ರ. ಆ ವಿಮಾನ ನಿಲ್ದಾಣ ಇದೆಯಲ್ವಾ, ಅದು ಸ್ಟುಡಿಯೋ ಒಳಗಿನದು. ಹಿಂದೆ ನಿಂತ ವಿಮಾನ ಅಳತೆ ತಗ್ಗಿಸಿ ಮಾಡಿದ್ದು. ಅದು ದೊಡ್ಡದಾಗಿ ಕಾಣಲಿ ಅಂತ ಪಕ್ಕದಲ್ಲಿ ಕುಳ್ಳಗಿನವರನ್ನು ಮೆಕ್ಯಾನಿಕ್ ವೇಷದಲ್ಲಿ ಓಡಾಡಿಸಿದರು. ಉಳಿದ ಸುಳ್ಳನ್ನು ಮಂಜು ಮುಚ್ಚಿತು.

ನೀವೂ ಹಾಗೇ ಮಾಡಿ. ಆಗಸ್ಟ್‌ನಲ್ಲಿ ಕಾಫಿ ಒಣಗಿಸುವ ಕಣ ಖಾಲಿ ಇರುತ್ತದೆ, ಪಾಚಿ ಮಾತ್ರ ಉಜ್ಜಿಕೊಳ್ಳಿ. ಪ್ಲೈವುಡ್‌ನಲ್ಲಿ ಬಸ್ಸಿನ ಹಿಂಭಾಗ ಅರ್ಧ ಅಳತೆಗೆ ಕತ್ತರಿಸಿ, ಕಣದ ಆ ತುದಿಗೆ ನಿಲ್ಲಿಸಿ. ಪಕ್ಕದಲ್ಲಿ ಖಾಕಿ ಅಂಗಿ ಹಾಕಿದ ಆರನೇ ಕ್ಲಾಸಿನ ಹುಡುಗ, ಅವನೇ ಕಂಡಕ್ಟರ್. ನಾಯಕ ನಾಯಕಿ ಕ್ಯಾಮೆರಾ ಹತ್ತಿರ ಇರಲಿ. ಬಸ್ಸಿನ ಹಿಂದೆ ಬೈಕ್ ನಿಲ್ಲಿಸಿ, ಹೆಡ್‌ಲೈಟ್ ನಮ್ಮ ಕಡೆ ತಿರುಗಿಸಿ. ಬೆಳಕು ಹಿಂದಿನಿಂದ ಬಂದರೇನೇ ಮಂಜಿಗೆ ಜೀವ. ಮುಂದೆ ಒಂದೇ ಟಾರ್ಚ್ ಸಾಕು, ಅದಕ್ಕೂ ಬಿಳಿ ಪಂಚೆ ಸುತ್ತಿ. ಅದು ಕಣ್ಣಿನ ಮಿಂಚಿಗೆ. ‘ಕಾಸಾಬ್ಲಾಂಕಾ’ದ ಛಾಯಾಗ್ರಾಹಕ ಆರ್ಥರ್ ಎಡೆಸನ್ ಕೂಡ ನಾಯಕಿ ಇಂಗ್ರಿಡ್ ಬರ್ಗ್‌ಮನ್ ಕಣ್ಣಿಗೆಂದೇ ಸಣ್ಣ ದೀಪ ಇಡುತ್ತಿದ್ದರು.

ನಾಯಕಿ ಎತ್ತರವಿದ್ದರೆ ಬೇಜಾರು ಬೇಡ. ಆ ಚಿತ್ರದ ನಾಯಕ ಹಂಫ್ರಿ ಬೋಗಾರ್ಟ್ ಬೂಟಿನ ಕೆಳಗೂ ಮರದ ತುಂಡು ಇತ್ತು. ಕಾಫಿ ಮೂಟೆ ಮಾತ್ರ ಹಾಕಬೇಡಿ. ನಮ್ಮ ನಾಯಕ ಮಾತು ಮುಗಿಸುವಷ್ಟರಲ್ಲಿ ಎಡಕ್ಕೆ ವಾಲಿದ್ದ.

ಇನ್ನೊಂದು ಕಿಡಿಗೇಡಿ ಉಪಾಯ. ಚಿತ್ರೀಕರಣ ನಡೆಯುವಾಗಲೂ ‘ಕಾಸಾಬ್ಲಾಂಕಾ’ದ ಸ್ಕ್ರಿಪ್ಟ್ ಮುಗಿದಿರಲಿಲ್ಲ. ಕೊನೆಗೆ ಯಾರ ಜೊತೆ ಹೋಗುತ್ತೇನೆ ಅಂತ ಬರ್ಗ್‌ಮನ್‌ಗೇ ಗೊತ್ತಿರಲಿಲ್ಲವಂತೆ. ನಾನೂ ನಮ್ಮ ಹುಡುಗಿಗೆ ಕೊನೆ ಹೇಳಲಿಲ್ಲ. ‘ಬಸ್ ಹತ್ತಬೇಕಾ, ಬೇಡ್ವಾ?’ ಅಂತ ಮೂರು ಸಲ ಕೇಳಿದಳು. ಆ ಗೊಂದಲದ ಮುಖವೇ ಇಡೀ ಚಿತ್ರದಲ್ಲಿ ನನಗೆ ಜಾಸ್ತಿ ಇಷ್ಟ.

ಲೆನ್ಸ್ ಒರೆಸಲು ಒಣ ಹತ್ತಿಬಟ್ಟೆ ಜೇಬಲ್ಲಿರಲಿ. ಬಸ್ಸನ್ನು ರಾತ್ರಿ ಒಳಗಿಡಿ. ನಮ್ಮದು ಎರಡೇ ಮಳೆಗೆ ಪದರ ಬಿಟ್ಟು, ಈಗ ಕೋಳಿಗೂಡಿನ ಬಾಗಿಲಾಗಿದೆ.