ಮೆಲ್ಬರ್ನ್‌ಗೆ ಹೊರಟ ದಾವಣಗೆರೆ, ದುರ್ಗದ ಕಡೆಯವರಿಗೆ: ಬಡಾವಣೆಯಲ್ಲಿ ಒಳ್ಳೆ ಕಾಫಿ ಹುಡುಕುವ ಬಗೆ

ರಜೆಗೆ ದಾವಣಗೆರೆಗೆ ಬಂದಾಗಲೆಲ್ಲ ಮೆಲ್ಬರ್ನ್‌ಗೆ ಹೊರಟವರು ಮಾತಾಡಿಸಲು ಬರುತ್ತಾರೆ. ವಿದ್ಯಾನಗರದವರು, ಪಿ.ಜೆ. ಬಡಾವಣೆಯವರು, ಚಿತ್ರದುರ್ಗದಿಂದ ಬಸ್ ಹತ್ತಿ ಬಂದವರೂ ಇರುತ್ತಾರೆ. ಬಾಡಿಗೆ ಮನೆ, ಬ್ಯಾಂಕ್ ಖಾತೆ, ಮಕ್ಕಳ ಶಾಲೆ ಎಲ್ಲ ಕೇಳಿ ಮುಗಿದ ಮೇಲೆ ಒಬ್ಬರಾದರೂ ಕೇಳುತ್ತಾರೆ: "ಅಲ್ಲಿ ಕಾಫಿ ಹೆಂಗಿರ್ತೈತಣ್ಣ?" ಇದು ಸಣ್ಣ ಪ್ರಶ್ನೆಯಲ್ಲ. ಅಲ್ಲಿ ಆರ್ಡರ್ ತಗೊಳ್ಳುವಾಗ ಹೆಸರು ಕೇಳಿ ಲೋಟದ ಮೇಲೆ ಬರೆಯುತ್ತಾರೆ. ನಾಲ್ಕು ಸಲ ಅದೇ ಅಂಗಡಿಗೆ ಹೋದರೆ ಬಾಗಿಲಲ್ಲೇ ಹೆಸರು ಹಿಡಿದು ಕರೆಯುತ್ತಾರೆ. ಗುರುತು ಪರಿಚಯ ಇಲ್ಲದ ಊರಲ್ಲಿ ಅದಕ್ಕೆ ಬಹಳ ಬೆಲೆ ಇದೆ.

ಕಾಫಿ ವಿಷಯದಲ್ಲಿ ಮೆಲ್ಬರ್ನ್ ಗಟ್ಟಿ ಊರು. ಎರಡನೇ ಮಹಾಯುದ್ಧದ ನಂತರ ವಲಸೆ ಬಂದ ಇಟಲಿಯವರು 1950ರ ದಶಕದಲ್ಲಿ ಎಸ್ಪ್ರೆಸೊ ಯಂತ್ರ (ಒತ್ತಡದಲ್ಲಿ ಬಿಸಿನೀರು ಹಾಯಿಸಿ ಗಟ್ಟಿ ಕಾಫಿ ಇಳಿಸುವ ಯಂತ್ರ) ಇಟ್ಟು ಅಂಗಡಿ ತೆರೆದರು. ಜನರ ನಾಲಿಗೆಗೆ ಆಗಲೇ ರುಚಿ ಹತ್ತಿತು. 2000ದಲ್ಲಿ ಆಸ್ಟ್ರೇಲಿಯಾಕ್ಕೆ ಬಂದ ಸ್ಟಾರ್‌ಬಕ್ಸ್, 2008ರಲ್ಲಿ ತನ್ನ 84 ಅಂಗಡಿಗಳಲ್ಲಿ 61ನ್ನು ಮುಚ್ಚಬೇಕಾಯಿತು. ಸ್ವಂತ ಅಂಗಡಿ ಇಟ್ಟುಕೊಂಡ ಸಣ್ಣ ಸಣ್ಣವರು ಅಷ್ಟು ಚೆನ್ನಾಗಿ ಮಾಡುತ್ತಿದ್ದರು.

ಆದರೆ ನಮ್ಮವರು ಹೆಚ್ಚಾಗಿ ಮನೆ ಹಿಡಿಯುವುದು ಟಾರ್ನೀಟ್, ಟ್ರುಗನೀನಾ, ಪಾಯಿಂಟ್ ಕುಕ್, ವಿಂಡಮ್ ವೇಲ್ ಕಡೆ. ಎಲ್ಲ ಹೊಸ ಬಡಾವಣೆಗಳು. ಸಾಲು ಸಾಲು ಮನೆ, ನಡುವೆ ಒಂದು ಶಾಪಿಂಗ್ ಸೆಂಟರ್, ಕಾರಿಲ್ಲದೆ ಏನೂ ಆಗಲ್ಲ. ಅಶೋಕ ರಸ್ತೆಯಲ್ಲಿ ನಡೆದ ಹಾಗೆ ನಡೆಯುತ್ತಾ ಹೋದರೆ ಹೋಟೆಲ್ ಸಿಗುತ್ತದೆ ಅಂದುಕೊಳ್ಳಬೇಡಿ. ಹೊಸಬರು ಸೂಪರ್‌ಮಾರ್ಕೆಟ್ ಎದುರಿನ ಕೌಂಟರ್‌ನಲ್ಲಿ ಒಂದು ಲೋಟ ಕುಡಿದು "ಇಲ್ಲಿಯ ಕಾಫಿ ಇಷ್ಟೇ" ಅಂತ ಕೈಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶಾಪಿಂಗ್ ಸೆಂಟರ್ ಒಳಗಿನದ್ದನ್ನು ಕೊನೆಗೆ ನೋಡಿ.

ಮೊದಲು ಹಳೇ ಅಂಗಡಿ ಬೀದಿಗಳಿಗೆ ಹೋಗಿ. ವೆರಿಬಿಯಲ್ಲಿ ವಾಟನ್ ಸ್ಟ್ರೀಟ್ ಇದೆ. ವೆರಿಬಿ ರೈಲು ಲೈನಿನಲ್ಲಿ ಸಿಟಿ ಕಡೆ ಹೋದರೆ ಯಾರವಿಲ್, ಸೆಡನ್, ಫುಟ್ಸ್‌ಕ್ರೇ ಸಿಗುತ್ತವೆ. ಅಲ್ಲೆಲ್ಲ ಸ್ಟೇಷನ್ ಇಳಿದು ನಡೆಯುವಷ್ಟು ದೂರದಲ್ಲೇ ಅಂಗಡಿಗಳಿವೆ. ಇನ್ನೊಂದು ಜಾಗವನ್ನು ಯಾರೂ ಹೇಳಿಕೊಡುವುದಿಲ್ಲ: ಇಂಡಸ್ಟ್ರಿಯಲ್ ಏರಿಯಾ. ಲೇವರ್ಟನ್ ನಾರ್ತ್‌ನಂಥ ಕಡೆ ಗೋದಾಮು, ಗ್ಯಾರೇಜ್‌ಗಳ ನಡುವೆ ಸಣ್ಣ ಕಾಫಿ ಅಂಗಡಿಗಳಿರುತ್ತವೆ. ಬೆಳಗಿನ ಜಾವ ಕೆಲಸಕ್ಕೆ ಹೋಗುವವರಿಗಾಗಿ ಬೇಗ ತೆರೆಯುತ್ತಾರೆ. ದಿನಾ ಬರುವ ಅದೇ ಗಿರಾಕಿಗಳನ್ನು ನಂಬಿದ ಅಂಗಡಿ ಅದು, ಕಾಫಿ ಕೆಡಿಸಿ ಉಳಿಯಲು ಆಗಲ್ಲ. ಬೀಜ ಹುರಿಯುವವರೂ ಬಾಡಿಗೆ ಕಡಿಮೆ ಅಂತ ಇಂಥ ಶೆಡ್‌ಗಳಲ್ಲೇ ಇರುವುದುಂಟು. ಹುರಿಯುವ ವಾಸನೆ ಬಂದರೆ ಕಾರು ನಿಲ್ಲಿಸಿ ಕೇಳಿ.

ದಾವಣಗೆರೆಯವರಿಗೆ ಒಳ್ಳೆ ಅಂಗಡಿ ಗುರುತಿಸುವುದನ್ನು ಕಲಿಸಬೇಕಾಗಿಲ್ಲ. ಬೆಣ್ಣೆ ದೋಸೆಗೆ ಹೋದಾಗ ನಾವು ಬೋರ್ಡ್ ನೋಡುತ್ತೇವಾ? ಹಂಚು, ಬೆಂಕಿ, ಬೆಣ್ಣೆ ಹಾಕುವ ಕೈ ನೋಡುತ್ತೇವೆ, ಅಲ್ವಾ? ಅಲ್ಲೂ ಹಾಗೇ ಮಾಡಿ. ಮೊಬೈಲಿನ ನಕ್ಷೆಯಲ್ಲಿ ಸ್ಟಾರ್ ಎಷ್ಟಿದೆ ಅನ್ನುವುದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅರ್ಧ ಜನ ಸ್ಟಾರ್ ಕೊಡುವುದು ತಿಂಡಿಗೆ. ಬದಲಿಗೆ ಯಂತ್ರದ ಹತ್ತಿರ ಎರಡು ನಿಮಿಷ ನಿಂತು ನೋಡಿ. ಒಳ್ಳೆ ಬರಿಸ್ಟಾ, ಅಂದರೆ ಕಾಫಿ ಮಾಡುವವರು, ಪ್ರತಿ ಸಲ ತಣ್ಣಗಿನ ಹೊಸ ಹಾಲು ಸುರಿಯುತ್ತಾರೆ. ಹಾಲಿಗೆ ಹಬೆ ಕೊಡುವ ಮೊದಲು ಕೊಳವೆಯಿಂದ ಒಂದು ಸಲ ಬರೀ ಹಬೆ ಬಿಡುತ್ತಾರೆ, ಆಮೇಲೆ ಬಟ್ಟೆಯಿಂದ ಒರೆಸುತ್ತಾರೆ. ಹಾಲು ಕೂಗಿಕೊಳ್ಳುವುದಿಲ್ಲ, ಕಾಗದ ಹರಿದಂಥ ಸಣ್ಣ ಸದ್ದು ಮಾತ್ರ ಬರುತ್ತದೆ. ಕೊನೆಗೆ ಜಗ್ಗನ್ನು ಕಟ್ಟೆಗೆ ಮೆಲ್ಲಗೆ ಕುಟ್ಟಿ ತಿರುಗಿಸಿದರೆ ಹಾಲು ಹೊಳೆಯುತ್ತದೆ. ಕಾಯಿಸಿ ಉಳಿದ ಹಾಲನ್ನೇ ಮತ್ತೆ ಕಾಯಿಸುತ್ತಿದ್ದರೆ ಸುಮ್ನೆ ಹೊರಗೆ ಬನ್ನಿ. ಬೀಜದ ಪ್ಯಾಕೆಟ್ ಮೇಲೆ ಹುರಿದ ತಾರೀಕು ಇದೆಯಾ ನೋಡಿ. ಒಂದರಿಂದ ನಾಲ್ಕು ವಾರದೊಳಗಿನದ್ದಾದರೆ ಚಿಂತೆಯಿಲ್ಲ.

ಇನ್ನು ಏನು ಕೇಳಬೇಕು? ಅಲ್ಲಿ ಚಿಕೋರಿ ಇಲ್ಲ, ಡಿಕಾಕ್ಷನ್ ಇಲ್ಲ. ನಮ್ಮ ಲೋಟದ ಅಳತೆಗೆ ಹತ್ತಿರ ಬರುವುದು ಪಿಕೊಲೊ: ಚಿಕ್ಕ ಗಾಜಿನ ಲೋಟ, ಒಂದು ಶಾಟ್ (ಯಂತ್ರದಿಂದ ಒಂದು ಸಲ ಇಳಿಸಿದ ಗಟ್ಟಿ ಕಾಫಿ), ಸ್ವಲ್ಪ ಹಾಲು. ಅದು ಸಾಲದು ಅನಿಸಿದರೆ ಫ್ಲಾಟ್ ವೈಟ್ ಕೇಳಿ, ಅದರಲ್ಲಿ ಹಾಲು ಹೆಚ್ಚು, ನೊರೆ ತೆಳು; ಸ್ಟ್ರಾಂಗ್ ಅಂತ ಸೇರಿಸಿ. ಹಾಲನ್ನು ಅವರು 60–65 ಡಿಗ್ರಿಗೆ ನಿಲ್ಲಿಸುತ್ತಾರೆ. ಅದಕ್ಕಿಂತ ಬಿಸಿಯಾದರೆ ಹಾಲಿನ ಸಿಹಿ ಹೋಗುತ್ತದೆ. ನಮ್ಮ ಬಾಯಿಗೆ ಅದು ಉಗುರುಬೆಚ್ಚಗೆ ಅನಿಸಬಹುದು. "ಎಕ್ಸ್‌ಟ್ರಾ ಹಾಟ್" ಅಂತ ಹೇಳಿ, ಸಂಕೋಚ ಬೇಡ. ಬೈ ಟು ಮಾತ್ರ ಇಲ್ಲ. ಮಕ್ಕಳಿದ್ದರೆ ಬೇಬಿಚಿನೊ ಕೇಳಿ, ಪುಟ್ಟ ಲೋಟದಲ್ಲಿ ಹಾಲಿನ ನೊರೆ, ಮೇಲೆ ಚಾಕೊಲೇಟ್ ಪುಡಿ. ದೊಡ್ಡವರ ಕಾಫಿಗೆ ಈಗ ಸಾಮಾನ್ಯವಾಗಿ 5ರಿಂದ 6 ಡಾಲರ್. ಭಾನುವಾರ, ಸರ್ಕಾರಿ ರಜೆ ದಿನ ಕೆಲವು ಕಡೆ ಬಿಲ್ ಮೇಲೆ ಜಾಸ್ತಿ ಹಾಕುತ್ತಾರೆ, ಬೋರ್ಡ್ ಇರುತ್ತದೆ.

ನಮ್ಮವರಿಗೆ ಬಹಳ ಕಷ್ಟವಾಗುವುದು ಸಂಜೆ. ಇಲ್ಲಿ ಐದು ಗಂಟೆಗೆ ಮಂಡಕ್ಕಿ, ಮೆಣಸಿನಕಾಯಿ, ಹಿಂದೆಯೇ ಕಾಫಿ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಬಹುಪಾಲು ಕಾಫಿ ಅಂಗಡಿಗಳು ಕುರ್ಚಿ ಮಗುಚಿಡುತ್ತವೆ. ಇದಕ್ಕೆ ವಿಯೆಟ್ನಾಂನವರ ಅಂಗಡಿಗಳನ್ನು ನೋಡಿ. ಫುಟ್ಸ್‌ಕ್ರೇ, ಸನ್‌ಶೈನ್, ಸೇಂಟ್ ಆಲ್ಬನ್ಸ್‌ನಲ್ಲಿ ಅವರು ಬಹಳ ಹಿಂದೆಯೇ ನೆಲೆಸಿದ್ದಾರೆ. ಟಾರ್ನೀಟ್‌ನಲ್ಲಿ ವಿ ಲೈನ್ ರೈಲು (ಹೊರ ಊರುಗಳಿಂದ ಸಿಟಿಗೆ ಬರುವ ರೈಲು) ಹತ್ತಿದರೆ ಸನ್‌ಶೈನ್, ಆಮೇಲೆ ಫುಟ್ಸ್‌ಕ್ರೇ. ಕಪ್ಪಗೆ ಹುರಿದ ರೊಬಸ್ಟಾ ಪುಡಿ, ಫಿನ್ ಅನ್ನುವ ಚಿಕ್ಕ ಲೋಹದ ಫಿಲ್ಟರ್, ತೊಟ್ಟು ತೊಟ್ಟಾಗಿ ಇಳಿಯುವ ಗಟ್ಟಿ ಕಾಫಿ, ಕೆಳಗೆ ಕಂಡೆನ್ಸ್ಡ್ ಮಿಲ್ಕ್. ಫಿನ್ ಲೋಟದ ಮೇಲೆ ಕೂತಿರುವುದನ್ನು ಕಂಡಾಗ ನಮ್ಮ ಅಡುಗೆಮನೆ ಕಟ್ಟೆ ನೆನಪಾಗದೆ ಇರದು. ಬಿಸಿಯಾಗಿಯೇ ಬೇಕು ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ಐಸ್ ಹಾಕಿ ಕೊಡುವುದೇ ಹೆಚ್ಚು.

ಮನೆಯ ಕಾಫಿಗೂ ಅಲ್ಲಿಯ ಕಾಫಿ ಅಂಗಡಿಗಳೇ ಆಸರೆ. ಸೂಟ್‌ಕೇಸಿನಲ್ಲಿ ಸ್ಟೀಲ್ ಫಿಲ್ಟರ್ ಇಟ್ಟುಕೊಳ್ಳಿ. ಪುಡಿ ತಗೊಂಡು ಹೋಗುವುದಾದರೆ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು ತೋರಿಸಿ, ಮುಚ್ಚಿಡಬೇಡಿ. ಅದು ಮುಗಿದ ಮೇಲೆ ನಿಮಗೆ ಹಿಡಿಸಿದ ಅಂಗಡಿಯಲ್ಲಿ 250 ಗ್ರಾಂ ಬೀಜ ಕೊಂಡು ಅಲ್ಲೇ ಪುಡಿ ಮಾಡಿಸಿ. ಕೆಲವು ಕಡೆ ಮಾನ್ಸೂನ್ಡ್ ಮಲಬಾರ್ ಸಿಗುತ್ತದೆ, ನಮ್ಮ ಕರಾವಳಿಯ ಮಳೆಗಾಳಿಗೆ ಒಡ್ಡಿ ಹದ ಮಾಡಿದ ಬೀಜ, ಹುಳಿ ಕಡಿಮೆ. ಸಿಗದಿದ್ದರೆ ಹಾಲಿಗೆ ಹೊಂದುವ ಡಾರ್ಕ್ ರೋಸ್ಟ್ ಕೊಡಿ ಅನ್ನಿ. ತಿಳಿಯಾಗಿ ಹುರಿದದ್ದನ್ನು ನಮ್ಮ ಫಿಲ್ಟರ್‌ಗೆ ಹಾಕಿದರೆ ಹುಳಿ ಹುಳಿ ಆಗುತ್ತದೆ. ಪುಡಿ ಎಸ್ಪ್ರೆಸೊಗಿಂತ ಸ್ವಲ್ಪ ದಪ್ಪ, ಪ್ಲಂಜರ್‌ಗೆ (ಪುಡಿ ನೆನೆಸಿ ಜಾಲರಿಯಿಂದ ಕೆಳಗೆ ಅದುಮುವ ಜಗ್ಗು) ಹಾಕುವುದಕ್ಕಿಂತ ತುಂಬಾ ನುಣ್ಣಗೆ ಇರಲಿ. ಚಿಕೋರಿ ಇಲ್ಲದ ಪುಡಿಯಲ್ಲಿ ನೀರು ಬೇಗ ಇಳಿದುಬಿಡುತ್ತದೆ. ಅದಕ್ಕೆ ಒಂದು ಚಮಚ ಜಾಸ್ತಿ ಹಾಕಿ, ಒಳಗಿನ ಬಿಲ್ಲೆಯಿಂದ ಚೆನ್ನಾಗಿ ಅದುಮಿ, ಕುದಿಯುವ ನೀರನ್ನು ಎರಡು ಕಂತಲ್ಲಿ ಹಾಕಿ.