ಪ್ರೇರಿ ಡಾಗ್ ಬೇಟೆಗೆ ನಾನು .204 ರೂಗರ್ ತೋಟಾ ಆರಿಸಿಕೊಂಡಿದ್ದು ಯಾಕೆ

ಅಮೆರಿಕದ ಸೌತ್ ಡಕೋಟಾ ರಾಜ್ಯದ ಪಶ್ಚಿಮ ಭಾಗದ ಹುಲ್ಲುಗಾವಲಿನಲ್ಲಿ ಗಾಳಿ ಬೀಸದ ಹೊತ್ತು ಅಪರೂಪ. ಅಲ್ಲಿ ಪ್ರೇರಿ ಡಾಗ್ ಬೇಟೆಗೆ ಯಾವ ತೋಟಾ ಒಳ್ಳೆಯದು ಅಂತ ಕೇಳಿದವರಿಗೆ ನಾನು ಮೊದಲು ಹೇಳುವುದು ಈ ಗಾಳಿಯ ವಿಷಯ. ಪ್ರೇರಿ ಡಾಗ್ ನಾಯಿಯಲ್ಲ, ಬಿಲ ತೋಡುವ ಅಳಿಲಿನ ಜಾತಿ. ತೂಕ ಒಂದು ಕಿಲೋ ಆಸುಪಾಸು. ದನಗಳ ಮೇವು ಹಾಳಾಗುತ್ತದೆ ಅಂತ ಎಷ್ಟೋ ರ‍್ಯಾಂಚ್ ಮಾಲೀಕರು ಬೇಟೆಗಾರರನ್ನು ಒಳಗೆ ಬಿಡುತ್ತಾರೆ.

ನಾನು ಕೊಡಗಿನವನು, ಕೋವಿ ಹೊಸದಲ್ಲ. ಆದರೆ ನಮ್ಮ ಮನೆಯದ್ದು 12 ಬೋರಿನ ಜೋಡಿ ನಳಿಗೆ, ಹತ್ತಿರದ ಈಡಿನದ್ದು. 250 ಗಜ ದೂರದಲ್ಲಿ ಅಂಗೈ ಅಗಲದ ಗುರಿ ಅಂದರೆ ಅದು ಬೇರೆಯೇ ವಿದ್ಯೆ.

ಮೊದಲು ಕೊಂಡದ್ದು .17 ಎಚ್‌ಎಂಆರ್ ತೋಟಾದ ರೈಫಲ್ (ತೋಟಾದ ಹೆಸರಿನ ಈ ಅಂಕಿ ಹೆಚ್ಚುಕಡಿಮೆ ಗುಂಡಿನ ಅಗಲ, ಇಂಚಿನಲ್ಲಿ). 17 ಗ್ರೇನ್, ಅಂದರೆ ಸುಮಾರು ಒಂದು ಗ್ರಾಂ ತೂಕದ ಗುಂಡು, ಸೆಕೆಂಡಿಗೆ 2,550 ಅಡಿ ವೇಗ. ಸದ್ದು ಕಡಿಮೆ, ಒದೆತ ಇಲ್ಲವೇ ಇಲ್ಲ. 100 ಗಜದೊಳಗೆ ಇವತ್ತಿಗೂ ಅದನ್ನೇ ಎತ್ತಿಕೊಳ್ಳುತ್ತೇನೆ. 200 ಗಜಕ್ಕೆ ಮಾತ್ರ ಬೇಡ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೂ ಸಾಕು, ಗುಂಡು ಒಂದು ಅಡಿಗೂ ಜಾಸ್ತಿ ಪಕ್ಕಕ್ಕೆ ಸರಿಯುತ್ತದೆ. ಅರೆಬರೆ ಏಟು ತಿಂದ ಪ್ರಾಣಿ ಬಿಲಕ್ಕಿಳಿದರೆ ಅಲ್ಲೇ ನರಳಿ ಸಾಯುತ್ತದೆ. ಅಂಥ ಈಡು ಹೊಡೆಯಲೇಬಾರದು.

ಗೆಳೆಯನ .22-250 ಕೂಡ ಹೊಡೆದು ನೋಡಿದೆ. 55 ಗ್ರೇನ್ ಗುಂಡು 3,680 ಅಡಿ ವೇಗದಲ್ಲಿ ಹೋಗುತ್ತದೆ, ದೂರಕ್ಕೆ ಭರ್ಜರಿ. ಆದರೆ ಮದ್ದು ಜಾಸ್ತಿ, ನಳಿಗೆ ಬೇಗ ಕಾಯುತ್ತದೆ. ಪ್ರೇರಿ ಡಾಗ್ ಬೇಟೆಯಲ್ಲಿ ಒಂದರ ಹಿಂದೆ ಒಂದು ಈಡು ಬೀಳುವುದರಿಂದ ನಳಿಗೆ ಆರುವವರೆಗೆ ಸುಮ್ನೆ ಕೂರಬೇಕು.

ಉಳಿದದ್ದು .223 ಮತ್ತು .204 ರೂಗರ್. ತೋಟಾ ಅಗ್ಗವಾಗಿ ಎಲ್ಲ ಕಡೆ ಸಿಗಬೇಕು ಅನ್ನುವವರು ಕಣ್ಣುಮುಚ್ಚಿ .223 ತಗೊಳ್ಳಿ. ಒಂದೇ ರೈಫಲ್ ಸಾಕು ಅನ್ನುವವರಿಗೂ ಅದೇ ಸರಿ. ನಾನು .204ಕ್ಕೆ ಮನಸೋತದ್ದು ಒಂದೇ ಕಾರಣಕ್ಕೆ: ಗುಂಡು ಬಿದ್ದ ಜಾಗ ಸ್ಕೋಪಿನಲ್ಲೇ (ರೈಫಲ್ ಮೇಲಿನ ದುರ್ಬೀನಿನಲ್ಲೇ) ಕಾಣುತ್ತದೆ. ಭಾರದ ನಳಿಗೆ, ಕೆಳಗೆ ಬೈಪಾಡ್ ಅನ್ನುವ ಎರಡು ಕಾಲಿನ ಊರುಗೋಲು. ಟ್ರಿಗರ್ ಒತ್ತಿದಾಗ ಸ್ಕೋಪಿನೊಳಗಿನ ಗುರಿಗೆರೆ (ಕ್ರಾಸ್‌ಹೇರ್) ಚೂರು ನಡುಗುತ್ತದೆ ಅಷ್ಟೇ, ಬಿಲದ ದಿಬ್ಬ ಕಣ್ಣಿಂದ ಜಾರುವುದಿಲ್ಲ. ಗುಂಡು ತಪ್ಪಿದರೆ ಬಲಗಡೆ ನಾಲ್ಕು ಇಂಚು ಆಚೆ ಮಣ್ಣಿನ ಧೂಳು ಎದ್ದದ್ದು ಸ್ಪಷ್ಟ. ಮುಂದಿನ ಈಡಿಗೆ ಅಷ್ಟೇ ಎಡಕ್ಕೆ ಹಿಡಿದರಾಯಿತು. ಗಾಳಿ ಅಳೆಯುವ ಯಾವ ಮೀಟರೂ ಅಲ್ಲಿ ಏನಾಗುತ್ತಿದೆ ಅಂತ ಇಷ್ಟು ನಿಖರವಾಗಿ ಹೇಳುವುದಿಲ್ಲ. ಜಾಸ್ತಿ ಒದೆಯುವ ರೈಫಲ್ಲಿನಲ್ಲಿ ಇದೇ ಕ್ಷಣ ಕೈತಪ್ಪಿಹೋಗುತ್ತದೆ, ಪಕ್ಕದವನು ನೋಡಿ ಹೇಳಬೇಕು.

2004ರಲ್ಲಿ ಬಂದಾಗ .204ಕ್ಕೆ ಹೆಸರು ತಂದದ್ದು 32 ಗ್ರೇನ್ ಗುಂಡು, 4,225 ಅಡಿ ವೇಗ. ನಾನು 40 ಗ್ರೇನ್‌ನದನ್ನೇ ಹಾಕುತ್ತೇನೆ. ವೇಗ 3,900 ಅಡಿಗೆ ಇಳಿದರೂ ಗಾಳಿಗೆ ಅದು ಕಡಿಮೆ ಸರಿಯುತ್ತದೆ. ತುದಿಗೆ ಪ್ಲಾಸ್ಟಿಕ್ ಮೊನೆಯಿರುವ ತೆಳು ಕವಚದ ಗುಂಡೇ ಬೇಕು. ನೆಲಕ್ಕೆ ತಾಗಿದರೆ ಸಾಮಾನ್ಯವಾಗಿ ಚೂರುಚೂರಾಗುತ್ತದೆ, ಪುಟಿದು ಹಾರುವ ಭಯ ಕಡಿಮೆ. ದನ ಮೇಯುವ ಜಾಗ ಅಲ್ವಾ? ಆದರೂ ಹಿಂದೆ ಮಣ್ಣಿನ ದಿಬ್ಬ ಕಾಣದೆ ನಾನು ಹೊಡೆಯುವುದಿಲ್ಲ.

ಒಂದು ವಿಷಯ ಮಾತ್ರ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತದೆ. ಬಿದ್ದ ಪ್ರಾಣಿಯನ್ನು ಹದ್ದು, ಗಿಡುಗಗಳು ತಿನ್ನುತ್ತವೆ, ಸೀಸದ ಚೂರು ಅವುಗಳ ಹೊಟ್ಟೆಗೆ ಹೋಗುತ್ತದೆ. .204ಕ್ಕೆ 24 ಗ್ರೇನ್‌ನ ಸೀಸವಿಲ್ಲದ ಗುಂಡು ಸಿಗುತ್ತದೆ. ಹಗುರ, ಗಾಳಿಗೆ ಬೇಗ ಬಗ್ಗುತ್ತದೆ. ಹಾಗಾಗಿ ಅದನ್ನು ಹಾಕಿದ ದಿನ 200 ಗಜದ ಆಚೆಗೆ ಹೊಡೆಯುವುದಿಲ್ಲ. ಈಗೀಗ ಅಂಥ ದಿನಗಳೇ ಜಾಸ್ತಿ.